ಪುಟ್ಟಣ್ಣನ ಎಂಟು ಚಿತ್ರ, ಎಂಟು ಭಾನುವಾರ: ನಿರ್ದೇಶಕರ ಕೈಗುರುತು ಹಿಡಿಯುವ ಬಗೆ

ತುಮಕೂರಿನಲ್ಲಿ ಐವತ್ತು ದಾಟಿದ ನಾಲ್ಕು ಜನ ಸೇರಿದ ಕಡೆ ಪುಟ್ಟಣ್ಣ ಕಣಗಾಲರ ಹೆಸರೆತ್ತಿ ನೋಡಿ. "ಅವರ ಪಿಕ್ಚರ್ ಅಂದ್ರೆ ಹತ್ತು ನಿಮಿಷಕ್ಕೇ ಗೊತ್ತಾಗಿಬಿಡುತ್ತೆ" ಅನ್ನುತ್ತಾರೆ. ಹೇಗೆ ಗೊತ್ತಾಗುತ್ತೆ ಅಂತ ಕೇಳಿದರೆ ಉತ್ತರ ಮೂರೇ: ಹೆಣ್ಣಿನ ಕಥೆ, ಒಳ್ಳೆಯ ಹಾಡು, ಕೊನೆಗೆ ಕಣ್ಣೀರು. ಮೂರೂ ನಿಜ. ಆದರೆ ಆ ಕಾಲದ ಹತ್ತಾರು ಚಿತ್ರಗಳಿಗೂ ಇದೇ ಮಾತು ಒಪ್ಪುತ್ತದೆ. ಪುಟ್ಟಣ್ಣನವರದ್ದೇ ಆದ ಕೈಗುರುತು ಯಾವುದು ಎಂದು ಪಟ್ಟುಹಿಡಿದು ಹುಡುಕಬೇಕೆಂದರೆ ಒಂದು ಕ್ರಮ ಬೇಕು. ಐದಾರು ಗೆಳೆಯರು ಸೇರಿ ಎರಡು ತಿಂಗಳ ಭಾನುವಾರಗಳಲ್ಲಿ ಮಾಡಿ ಮುಗಿಸಬಹುದಾದ ಕ್ರಮ ಇಲ್ಲಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಪುಟ್ಟಣ್ಣನವರ ಮುಖ್ಯ ಚಿತ್ರಗಳಲ್ಲಿ ಬಹುಪಾಲು ಕಾದಂಬರಿಯಿಂದ ಬಂದವು. ಹಾಗಾಗಿ ಕಥಾವಸ್ತುವಿನಲ್ಲಿ ಮತ್ತೆ ಮತ್ತೆ ಕಾಣುವುದೆಲ್ಲ ಅವರದ್ದೇ ಅಲ್ಲ. ಅರ್ಧ ತ್ರಿವೇಣಿಯವರದ್ದು, ಎಂ.ಕೆ. ಇಂದಿರಾ ಅವರದ್ದು, ತರಾಸು ಅವರದ್ದು. ಪುಸ್ತಕದಲ್ಲಿ ಇಲ್ಲದೆ ತೆರೆಯ ಮೇಲೆ ಮಾತ್ರ ಇರುವುದನ್ನು ಹುಡುಕಿದರೆ ನಿರ್ದೇಶಕರು ಸಿಗುತ್ತಾರೆ. ಮುಂದಿನ ಹೆಜ್ಜೆಗಳೆಲ್ಲ ಈ ಹುಡುಕಾಟಕ್ಕೇ.

ಯಾವ ಎಂಟು

ಬೆಳ್ಳಿಮೋಡ (1967), ಗೆಜ್ಜೆಪೂಜೆ (1969), ಶರಪಂಜರ (1971), ನಾಗರಹಾವು (1972), ಎಡಕಲ್ಲು ಗುಡ್ಡದ ಮೇಲೆ (1973), ಕಥಾಸಂಗಮ (1976), ರಂಗನಾಯಕಿ (1981), ಮಾನಸ ಸರೋವರ (1982). ಇದೇ ಕ್ರಮದಲ್ಲಿ ನೋಡಿ. ಎಲ್ಲರೂ ನಾಗರಹಾವಿನಿಂದ ಶುರುಮಾಡೋಣ ಅನ್ನುತ್ತಾರೆ, ಬೇಡ. ಅಲ್ಲಿ ವಿಷ್ಣುವರ್ಧನ್ ಅವರ ಮೇಲಿನ ಅಭಿಮಾನ ಎಷ್ಟು ಜೋರಾಗಿರುತ್ತದೆ ಎಂದರೆ ಕ್ಯಾಮೆರಾ ಏನು ಮಾಡುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರು ಚಿತ್ರ ನೋಡಿ ಕಣ್ಣು ಪಳಗಿದ ಮೇಲೆ ಅಲ್ಲಿಗೆ ಬನ್ನಿ.

ಕಥಾಸಂಗಮ ಪಟ್ಟಿಯಲ್ಲಿ ಯಾಕೆ ಎಂದರೆ, ಅದು ಮೂರು ಸಣ್ಣಕಥೆಗಳ ಗೊಂಚಲು. ಗಿರಡ್ಡಿ ಗೋವಿಂದರಾಜರ 'ಹಂಗು' ಅದರಲ್ಲೊಂದು. ಲೇಖಕರು ಮೂವರು, ನಿರ್ದೇಶಕರು ಒಬ್ಬರೇ. ಮೂರರಲ್ಲೂ ಉಳಿದುಕೊಳ್ಳುವುದು ಏನು ಎಂದು ಒಂದೇ ಸಲ ಕೂತು ಪರೀಕ್ಷೆ ಮಾಡಬಹುದು. ಇಂಥ ಅನುಕೂಲ ಬೇರೆ ನಿರ್ದೇಶಕರಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಪ್ರತಿ ಪರೀಕ್ಷೆಗೂ ಮುಂಚೆ: ಕಾಪಿ ಪೂರ್ತಿ ಇದೆಯೇ?

ಇದನ್ನು ಬಿಟ್ಟವರು ಆಮೇಲೆ ಇಲ್ಲದ ಶೈಲಿಯನ್ನು ಕಂಡುಹಿಡಿಯುತ್ತಾರೆ. "ಇಲ್ಲಿ ನಿರ್ದೇಶಕರು ಥಟ್ಟನೆ ದೃಶ್ಯ ತುಂಡರಿಸಿದ್ದಾರೆ" ಎಂದು ಬರೆದುಕೊಂಡರೆ, ತುಂಡರಿಸಿದ್ದು ಟಿವಿ ಚಾನೆಲ್ಲಿನವರು ಆಗಿರುತ್ತಾರೆ.

ಚಿತ್ರದ ಮೊದಲು ಬರುವ ಸೆನ್ಸಾರ್ ಪತ್ರದ ಮೇಲೆ ನಿಲ್ಲಿಸಿ. ಉದ್ದ ಮೀಟರಿನಲ್ಲಿ ಬರೆದಿರುತ್ತದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟು, ಸೆಕೆಂಡಿಗೆ 24 ಚೌಕಟ್ಟು ಓಟ. ಅಂದರೆ ನಿಮಿಷಕ್ಕೆ 90 ಅಡಿ, ಸುಮಾರು 27.4 ಮೀಟರ್. ಪತ್ರದಲ್ಲಿರುವ ಮೀಟರನ್ನು 27.4ರಿಂದ ಭಾಗಿಸಿದರೆ ಚಿತ್ರ ಎಷ್ಟು ನಿಮಿಷ ಇರಬೇಕು ಎಂಬುದು ಸಿಗುತ್ತದೆ. 4,110 ಮೀಟರ್ ಇದ್ದರೆ 150 ನಿಮಿಷ. ನಿಮ್ಮ ಕೈಲಿರುವುದು 128 ನಿಮಿಷದ್ದಾದರೆ 22 ನಿಮಿಷ ಎಲ್ಲೋ ಹೋಗಿದೆ; ಹೆಚ್ಚಾಗಿ ಒಂದೆರಡು ಹಾಡು ಮತ್ತು ಹಾಸ್ಯದ ಕಂತು.

ಆದರೆ 144 ನಿಮಿಷ ಬಂದರೆ ಗಾಬರಿ ಬೇಡ. ಹಳೆಯ ಟಿವಿ ಮತ್ತು ವಿಸಿಡಿ ಪ್ರತಿಗಳು ಸೆಕೆಂಡಿಗೆ 25 ಚೌಕಟ್ಟಿನಂತೆ ಓಡುತ್ತವೆ. 150 ನಿಮಿಷದ ಚಿತ್ರ ಏನೂ ಕತ್ತರಿ ಬೀಳದೆಯೇ 144ಕ್ಕೆ ಮುಗಿಯುತ್ತದೆ. ಗಾಯಕರ ದನಿಯೂ ಕೊಂಚ ತೆಳ್ಳಗೆ ಕೇಳುತ್ತದೆ. ಅಂಥ ಕಾಪಿಯಿಂದ ಶ್ರುತಿಯ ಬಗ್ಗೆಯಾಗಲಿ, ಶಾಟುಗಳ ವೇಗದ ಬಗ್ಗೆಯಾಗಲಿ ದೊಡ್ಡ ಮಾತಾಡಬೇಡಿ.

ಇನ್ನೊಂದು ತೊಂದರೆ ಚಿತ್ರದ ಅಗಲ. ಬೆಳ್ಳಿಮೋಡದ ಕಾಲದ ಕನ್ನಡ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3. ಇವತ್ತಿನ ಟಿವಿ 16:9. 'ಫುಲ್' ಎಂದಿಟ್ಟರೆ ನಾಯಕಿ ಕಲ್ಪನಾ ಅವರ ಮುಖ ಅಗಲವಾಗುತ್ತದೆ. 'ಜೂಮ್' ಎಂದಿಟ್ಟರೆ ತಲೆಯೂ ಪಾದವೂ ಮಾಯ. ಟಿವಿಯ ಸೆಟಿಂಗಿನಲ್ಲಿ 4:3 ಅಥವಾ 'ಒರಿಜಿನಲ್' ಇಟ್ಟು ಎರಡು ಬದಿಗೂ ಕಪ್ಪು ಪಟ್ಟಿ ಬರಲು ಬಿಡಿ. ಸರಿಯಾಗಿದೆಯೇ ಎಂದು ನೋಡಲು ಗಾಡಿಯ ಚಕ್ರವೋ ಹಣೆಯ ಕುಂಕುಮವೋ ಬರುವ ದೃಶ್ಯದಲ್ಲಿ ನಿಲ್ಲಿಸಿ, ದುಂಡಗಿದ್ದರೆ ಆಯಿತು.

ಧ್ವನಿ ಆಗ ಒಂದೇ ಟ್ರ್ಯಾಕಿನದು. ಟಿವಿಯ 'ಸರೌಂಡ್' ಆರಿಸಿ. ಅದು ಒಂದೇ ಧ್ವನಿಯನ್ನು ಎಡಬಲಕ್ಕೆ ಹರಿದು ಹಂಚಿ ಮಾತನ್ನು ಪೊಳ್ಳಾಗಿಸುತ್ತದೆ. ಒಂದೇ ಸ್ಪೀಕರನ್ನು ತೆರೆಯ ಕೆಳಗೆ ಇಟ್ಟರೂ ಸಾಕು. ಪ್ರೊಜೆಕ್ಟರ್ ಬಾಡಿಗೆಗೆ ತಂದರೆ ಯುಪಿಎಸ್ ಕಡ್ಡಾಯ. ದೀಪದ ಪ್ರೊಜೆಕ್ಟರಿಗೆ ಥಟ್ಟನೆ ಕರೆಂಟು ಹೋದರೆ ಫ್ಯಾನೂ ನಿಂತು, ಕಾದ ದೀಪದ ಆಯುಸ್ಸು ಕಡಿಮೆಯಾಗುತ್ತದೆ. ಬೇಸಗೆಯಲ್ಲಿ ನಮ್ಮೂರಲ್ಲಿ ಕರೆಂಟಿನ ಭರವಸೆ ಯಾರೂ ಕೊಡುವುದಿಲ್ಲ. ಮನೆಯಲ್ಲಿ ಗೆಳೆಯರೊಡನೆ ನೋಡುವುದು ಬೇರೆ, ಸಭಾಂಗಣದಲ್ಲಿ ಬೋರ್ಡು ಹಾಕಿ ಜನ ಸೇರಿಸುವುದು ಬೇರೆ. ಎರಡನೆಯದಕ್ಕೆ ಟಿಕೆಟ್ ಇಡದಿದ್ದರೂ ಹಕ್ಕುದಾರರ ಅನುಮತಿ ಬೇಕು.

ಮೊದಲ ಸಲ ಪೆನ್ನು ಬೇಡ

ಪ್ರತಿ ಚಿತ್ರವನ್ನೂ ಎರಡು ಸಲ ನೋಡಬೇಕು. ಭಾನುವಾರ ಎಲ್ಲರೂ ಒಟ್ಟಿಗೆ, ನಿಲ್ಲಿಸದೆ, ಬರೆಯದೆ. ಅಳು ಬಂದರೆ ಅಳಿ. ಆ ಚಿತ್ರಗಳನ್ನು ಮಾಡಿದ್ದೇ ಅದಕ್ಕೆ. ಎರಡನೆಯ ಸಲ ವಾರದ ನಡುವೆ, ಅವರವರ ಮನೆಯಲ್ಲಿ, ಪೂರ್ತಿಯಲ್ಲ: ಮೊದಲ ಹತ್ತು ನಿಮಿಷ, ಎಲ್ಲ ಹಾಡು, ಕೊನೆಯ ಹದಿನೈದು ನಿಮಿಷ. ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಇದನ್ನು ಫೋನಿನಲ್ಲೇ ಮುಗಿಸುತ್ತಾರೆ. ಇಯರ್‌ಫೋನ್ ಇದ್ದರೆ ಹಿನ್ನೆಲೆ ಸಂಗೀತ ಮನೆಗಿಂತ ಚೆನ್ನಾಗಿಯೇ ಕೇಳುತ್ತದೆ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಹಾಕಿ: ಸಮಯ, ಕಂಡದ್ದು, ಕೇಳಿದ್ದು, ಪುಸ್ತಕದಲ್ಲಿ ಇದೆಯೇ. 'ಅರ್ಥ' ಎಂಬ ಕಲಂ ಹಾಕಲೇಬೇಡಿ. ಅದೊಂದು ಇದ್ದರೆ ಉಳಿದ ನಾಲ್ಕೂ ಖಾಲಿ ಉಳಿಯುತ್ತವೆ. "ಕಿಟಕಿಯ ಸರಳು ಬಂಧನದ ಸಂಕೇತ" ಎಂದು ಬರೆಯುವುದು ಸುಲಭ. "ಕಿಟಕಿಯ ಸರಳು, ಕ್ಯಾಮೆರಾ ಹೊರಗಡೆ, ಅವಳು ಒಳಗಡೆ, ಮಾತಿಲ್ಲ" ಎಂದು ಬರೆಯಿರಿ. ನಾಲ್ಕು ಚಿತ್ರ ಆದ ಮೇಲೆ ಸರಳುಗಳನ್ನೆಲ್ಲ ಒಟ್ಟು ಹಾಕಿದರೆ ಅದು ಸಂಕೇತವೋ ಬರೀ ಕಿಟಕಿಯೋ ತಾನಾಗಿ ಗೊತ್ತಾಗುತ್ತದೆ.

ಕಾದಂಬರಿ ಪಕ್ಕದಲ್ಲಿರಲಿ

ಎಂಟಕ್ಕೂ ಓದು ಕಟ್ಟಿಕೊಳ್ಳಬೇಡಿ, ಮೂರನೇ ವಾರಕ್ಕೆ ಗುಂಪು ಚೆದುರುತ್ತದೆ. ಒಂದು ಓದಿದರೆ ಸಾಕು: ತ್ರಿವೇಣಿಯವರ 'ಶರಪಂಜರ'. ಚಿಕ್ಕ ಪುಸ್ತಕ, ಗ್ರಂಥಾಲಯದಲ್ಲಿ ಹುಡುಕಿದರೆ ಸಿಗುವಂಥದ್ದು. ಇನ್ನೊಂದು ಓದುವ ಹುಮ್ಮಸ್ಸಿದ್ದರೆ ಇಂದಿರಾ ಅವರ 'ಗೆಜ್ಜೆಪೂಜೆ'.

ತ್ರಿವೇಣಿ ಮನಃಶಾಸ್ತ್ರ ಓದಿದವರು, 1963ರಲ್ಲೇ ತೀರಿಕೊಂಡರು. ಅಂದರೆ ಬೆಳ್ಳಿಮೋಡವನ್ನಾಗಲಿ ಶರಪಂಜರವನ್ನಾಗಲಿ ಅವರು ತೆರೆಯ ಮೇಲೆ ನೋಡಲಿಲ್ಲ. ತೆರೆಯ ಮೇಲಿನ ಆಯ್ಕೆಗಳಿಗೆ ಲೇಖಕಿಯ ಒಪ್ಪಿಗೆಯೂ ಇಲ್ಲ, ತಕರಾರೂ ಇಲ್ಲ. ಪೂರ್ತಿ ಜವಾಬ್ದಾರಿ ನಿರ್ದೇಶಕರದ್ದು. ಇತ್ತ ಗೆಜ್ಜೆಪೂಜೆಗೆ ಪುಟ್ಟಣ್ಣನವರಿಗೆ ಬಂದ ರಾಷ್ಟ್ರಪ್ರಶಸ್ತಿ ಚಿತ್ರಕಥೆಗೆ ಎಂಬುದನ್ನು ನೆನಪಿಡಿ. ಕಥೆ ಇನ್ನೊಬ್ಬರದ್ದು, ಅದನ್ನು ದೃಶ್ಯವಾಗಿ ಮುರಿದು ಜೋಡಿಸಿದ್ದು ಇವರ ಕೆಲಸ.

ಹೋಲಿಸುವಾಗ ಮಾಡುವ ಸಾಮಾನ್ಯ ತಪ್ಪು, "ಪುಸ್ತಕದಲ್ಲಿರುವುದು ಸಿನಿಮಾದಲ್ಲಿ ಬಿಟ್ಟುಹೋಗಿದೆ" ಎಂಬ ಪಟ್ಟಿ. ಎರಡೂವರೆ ಗಂಟೆಯಲ್ಲಿ ಬಿಡಲೇಬೇಕು, ಅದರಿಂದ ಏನೂ ತಿಳಿಯುವುದಿಲ್ಲ. ಪಟ್ಟಿಯನ್ನು ತಿರುವಿಹಾಕಿ. ಪುಸ್ತಕದಲ್ಲಿ "ಅವಳಿಗೆ ಹೀಗನ್ನಿಸಿತು" ಎಂದು ಬರುವ ಐದು ಜಾಗ ಗುರುತು ಮಾಡಿ. ಅನ್ನಿಸುವುದನ್ನು ಕ್ಯಾಮೆರಾ ತೋರಿಸಲಾರದು. ಅಲ್ಲಿ ಪುಟ್ಟಣ್ಣ ಏನಿಟ್ಟರು? ಮಾತೋ, ಮುಖದ ಹತ್ತಿರದ ಶಾಟೋ, ವಸ್ತುವೋ, ಹಾಡೋ? ಐದಕ್ಕೂ ಉತ್ತರ ಬರೆದುಕೊಂಡರೆ ಅವರ ಕೆಲಸದ ವಿಧಾನದ ಮೊದಲ ಪುಟ ನಿಮ್ಮ ಕೈಲಿರುತ್ತದೆ.

ಹಾಡಿನಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ

ಕಾದಂಬರಿಯಲ್ಲಿ ಹಾಡಿರುವುದಿಲ್ಲ. ಹಾಗಾಗಿ ಹಾಡಿನ ಐದು ನಿಮಿಷ ನಿರ್ದೇಶಕರ ಸ್ವಂತ ಜಮೀನು. ಹಾಡು ಬಂದಾಗ ಎದ್ದು ಕಾಫಿಗೆ ಹೋಗುವವರನ್ನು ಈ ಗುಂಪಿಗೆ ಸೇರಿಸಬೇಡಿ.

ಪ್ರತಿ ಹಾಡಿಗೂ ಮೂರು ಪ್ರಶ್ನೆ. ಹಾಡುತ್ತಿರುವವರು ಯಾರು: ಪಾತ್ರದ ತುಟಿಯೇ, ಹಿನ್ನೆಲೆಯೇ? ಹಾಡು ಮುಗಿಯುವಷ್ಟರಲ್ಲಿ ಕಥೆಯ ಕಾಲ ಮುಂದೆ ಹೋಯಿತೇ, ನಿಂತೇ ಇತ್ತೇ? ಸಾಹಿತ್ಯ ಹೇಳುವುದನ್ನೇ ದೃಶ್ಯ ತೋರಿಸುತ್ತಿದೆಯೇ, ಅದಕ್ಕೆ ಅಡ್ಡಲಾಗಿ ಬೇರೆ ಏನನ್ನೋ ತೋರಿಸುತ್ತಿದೆಯೇ?

ಶರಪಂಜರದಿಂದ ಎರಡು ಹಾಡು ತೆಗೆದುಕೊಳ್ಳಿ. ಒಂದು ಬೇಂದ್ರೆಯವರ 'ಉತ್ತರ ಧ್ರುವದಿಂ'. ಇನ್ನೊಂದು ವನವಾಸ ಮುಗಿಸಿ ಮರಳಿದ ಸೀತೆಯ ಹಾಡು. ಮೊದಲನೆಯದರಲ್ಲಿ ನಾಯಕಿ ಕಾವೇರಿ ಪ್ರೀತಿಯ ಭರದಲ್ಲಿದ್ದಾಳೆ. ಎರಡನೆಯದರ ಹೊತ್ತಿಗೆ ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಬಂದಿದ್ದಾಳೆ, ಮನೆಯವರು ನಂಬುತ್ತಿಲ್ಲ. ಎರಡನ್ನೂ ಧ್ವನಿ ಬಂದ್ ಮಾಡಿ ಒಂದರ ಹಿಂದೆ ಒಂದು ನೋಡಿ. ಅವಳು ಎಷ್ಟು ಜಾಗದಲ್ಲಿ ಓಡಾಡುತ್ತಾಳೆ, ಚೌಕಟ್ಟಿನಲ್ಲಿ ಜೊತೆಗೆ ಯಾರಿದ್ದಾರೆ, ಅವಳ ಕಣ್ಣು ಯಾರ ಕಡೆಗಿದೆ, ಯಾರು ಅವಳನ್ನು ನೋಡುತ್ತಿದ್ದಾರೆ: ಬರೆದುಕೊಳ್ಳಿ. ಆಮೇಲೆ ಧ್ವನಿ ಹಾಕಿ ಕೇಳಿ. ಸೀತೆಯ ಕಥೆಯನ್ನು ಕಾವೇರಿಯ ಬಾಯಲ್ಲಿ ಇಟ್ಟಿದ್ದರಿಂದ, ಅವಳು ತನ್ನ ಬಗ್ಗೆ ಒಂದು ಮಾತೂ ಆಡದೆ ಎಲ್ಲ ಹೇಳಿಬಿಡುತ್ತಾಳೆ. ದೂರು ಹೇಳಲಾಗದ ಹೆಣ್ಣಿಗೆ ಪುರಾಣದ ಹೆಣ್ಣಿನ ದನಿ ಕೊಡುವ ಈ ಉಪಾಯವನ್ನು ಗುರುತು ಹಾಕಿಕೊಂಡು, ಉಳಿದ ಚಿತ್ರಗಳಲ್ಲಿ ಹುಡುಕುತ್ತಾ ಹೋಗಿ.

ಬೆಳ್ಳಿಮೋಡದ 'ಮೂಡಲ ಮನೆಯ' ಕೂಡ ಬೇಂದ್ರೆಯವರದ್ದೇ. ಚಿತ್ರಕ್ಕೆಂದು ಬರೆದದ್ದಲ್ಲ, ಮೊದಲೇ ಇದ್ದ ಕವಿತೆ. ಚಿತ್ರಕ್ಕೆಂದೇ ಬರೆದ ಹಾಡು ಪಾತ್ರದ ಅಳತೆಗೆ ಹೊಲಿದಿರುತ್ತದೆ. ಇದ್ದ ಕವಿತೆಗೆ ಪಾತ್ರವನ್ನೇ ಹೊಂದಿಸಬೇಕು. ಎರಡು ಬಗೆಯ ಹಾಡುಗಳಲ್ಲೂ ಎಷ್ಟು ಸೆಕೆಂಡು ಮುಖ, ಎಷ್ಟು ಸೆಕೆಂಡು ಪ್ರಕೃತಿ ಎಂದು ಲೆಕ್ಕ ಹಾಕಿ ಹೋಲಿಸಿ. ಬೆಳ್ಳಿಮೋಡದಿಂದ ಮಾನಸ ಸರೋವರದವರೆಗೆ ಸಂಗೀತ ಹೆಚ್ಚಾಗಿ ವಿಜಯಭಾಸ್ಕರ್ ಅವರದ್ದು. ಎಡಕಲ್ಲು ಗುಡ್ಡ ಮತ್ತು ರಂಗನಾಯಕಿ ಎಂ. ರಂಗರಾವ್ ಅವರವು. ಸಂಗೀತ ನಿರ್ದೇಶಕರು ಬದಲಾದರೂ ಬದಲಾಗದೆ ಉಳಿದದ್ದು ಪುಟ್ಟಣ್ಣನವರದ್ದು ಎಂದು ಹೇಳಲು ಈ ಎರಡು ಚಿತ್ರಗಳು ಬೇಕು.

ನಾಗರಹಾವಿನ 'ಬಾರೆ ಬಾರೆ' ಸ್ಲೋ ಮೋಷನ್ನಿಗೆ ಹೆಸರಾದದ್ದು. ನಿಧಾನ ಹೇಗೆ ಬರುತ್ತದೆ ಗೊತ್ತಿರಲಿ: ಕ್ಯಾಮೆರಾ ಸೆಕೆಂಡಿಗೆ 48 ಚೌಕಟ್ಟು ಹಿಡಿದು, ತೆರೆಯ ಮೇಲೆ 24ರಂತೆ ಓಡಿಸಿದರೆ ಒಂದು ಸೆಕೆಂಡಿನ ಓಟ ಎರಡು ಸೆಕೆಂಡಾಗುತ್ತದೆ. ಆಗ ತುಟಿ ಹಾಡಿಗೆ ಸೇರಬೇಕೆಂದರೆ ಚಿತ್ರೀಕರಣದ ಜಾಗದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ನಟರು ಆ ಧಾವಂತದಲ್ಲೇ ಬಾಯಾಡಿಸಬೇಕು. ತುಟಿ ಎಲ್ಲೆಲ್ಲಿ ಸೇರುತ್ತದೆ, ಎಲ್ಲೆಲ್ಲಿ ಹಾಡು ಬರೀ ಹಿನ್ನೆಲೆಯಾಗಿ ಉಳಿಯುತ್ತದೆ ಎಂದು ಸಾಲು ಸಾಲಾಗಿ ಗುರುತಿಸಿ.

ಅದೇ ಚಿತ್ರದ ಓಬವ್ವನ ಹಾಡಿಗೆ ಬೇರೆ ಪರೀಕ್ಷೆ. ಆ ಹಾಡನ್ನು ಬಿಟ್ಟು ಚಿತ್ರ ನೋಡಿ. ನಾಯಕ ರಾಮಾಚಾರಿಯ ಕಥೆಗೆ ಏನೂ ಕೊರತೆಯಾಗುವುದಿಲ್ಲ. ಮತ್ತೆ ಯಾಕಿದೆ? ಚಿತ್ರದುರ್ಗದ ಕೋಟೆಗಾಗಿ. ಹಾಡಾದ ಮೇಲೆ ಆ ಕಲ್ಲುಗಳು ಬರೀ ಹಿನ್ನೆಲೆಯಲ್ಲ, ಹಳೆಯ ಶೌರ್ಯದ ಸಾಕ್ಷಿ. ಕೊನೆಯಲ್ಲಿ ಆ ಬೆಟ್ಟಗಳ ನಡುವೆಯೇ ರಾಮಾಚಾರಿ ಪ್ರಾಣ ಬಿಡುತ್ತಾನೆ. ಜಾಗವನ್ನು ಪಾತ್ರ ಮಾಡುವ ಈ ಗುಣ ಎಡಕಲ್ಲು ಗುಡ್ಡದಲ್ಲೂ ಇದೆ, ಅಲ್ಲಿ ಹೆಸರಲ್ಲೇ ಇದೆ. ಬಿಡುವಿದ್ದವರು ಶಿರಾ, ಹಿರಿಯೂರು ಹಾದು ದುರ್ಗಕ್ಕೆ ಒಂದು ಬೆಳಿಗ್ಗೆ ಹೋಗಿಬನ್ನಿ. ಫೋನಿನಲ್ಲಿ ಚಿತ್ರದ ಸ್ಟಿಲ್ಲುಗಳಿರಲಿ. ತೆರೆಯ ಮೇಲೆ ಒಂದರ ಪಕ್ಕ ಒಂದಿದ್ದ ಜಾಗಗಳು ನಿಜದಲ್ಲಿ ಎಷ್ಟು ದೂರ ಎಂದು ನಡೆದು ನೋಡಿದರೆ ಸಂಕಲನ ಎಂದರೇನು ಎಂಬುದಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ. ಹತ್ತು ಗಂಟೆಯ ಒಳಗೆ ಮುಗಿಸಿ, ಆಮೇಲೆ ಬಂಡೆ ಕಾಯುತ್ತದೆ.

ಜೂಮೋ, ಟ್ರಾಲಿಯೋ

ಪುಟ್ಟಣ್ಣನವರ ಚಿತ್ರಗಳ ಬಗ್ಗೆ ಬರೆಯುವವರು ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಹಿಂದೆ ಹತ್ತಡಿ ದೂರದಲ್ಲಿ ಒಂದು ಕುರ್ಚಿ ಇಡಿ. ಮೊದಲು ಫೋನನ್ನು ನಿಂತಲ್ಲೇ ಹಿಡಿದು ಜೂಮ್ ಮಾಡಿ: ಮನುಷ್ಯನೂ ಕುರ್ಚಿಯೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಆಮೇಲೆ ಜೂಮ್ ಮುಟ್ಟದೆ ನಡೆದುಕೊಂಡು ಹತ್ತಿರ ಹೋಗಿ: ಮನುಷ್ಯ ಬೇಗ ದೊಡ್ಡದಾಗುತ್ತಾನೆ, ಕುರ್ಚಿ ಹೆಚ್ಚು ಬೆಳೆಯುವುದಿಲ್ಲ, ಬಾಗಿಲಿನ ಚೌಕಟ್ಟು ಬದಿಗೆ ಸರಿಯುತ್ತದೆ. ಟ್ರಾಲಿ ಎಂದರೆ ಹೀಗೆ ಕ್ಯಾಮೆರಾವನ್ನೇ ಗಾಡಿಯ ಮೇಲಿಟ್ಟು ಸರಿಸುವುದು, ಅದರಲ್ಲಿ ನಾವು ಆ ಕೋಣೆಯೊಳಕ್ಕೆ ಹೋದಂತೆ. ಜೂಮಿನಲ್ಲಿ ನಿಂತಲ್ಲೇ ದಿಟ್ಟಿಸಿದಂತೆ. ಆಘಾತದ ಕ್ಷಣಗಳಲ್ಲಿ ಯಾವುದು ಬರುತ್ತದೆ ಎಂದು ಪಟ್ಟಿ ಮಾಡಿ.

ಶಾಟಿನ ಉದ್ದ ಅಳೆಯಲು ಮೂರು ನಿಮಿಷದ ತುಣುಕು ಆರಿಸಿ, ಪ್ರತಿ ಕತ್ತರಿಗೂ, ಅಂದರೆ ಒಂದು ಶಾಟು ಮುಗಿದು ಇನ್ನೊಂದು ಶುರುವಾಗುವ ಕಡೆ, ಒಂದು ಗೆರೆ ಎಳೆಯಿರಿ. 29 ಗೆರೆ ಬಂದರೆ 30 ಶಾಟು. 180 ಸೆಕೆಂಡನ್ನು 30ರಿಂದ ಭಾಗಿಸಿದರೆ ಸರಾಸರಿ 6 ಸೆಕೆಂಡು. ಒಂದು ಮಾತಿನ ದೃಶ್ಯ, ಒಂದು ಹಾಡು, ಒಂದು ಕೊನೆಯ ದೃಶ್ಯ, ಮೂರಕ್ಕೂ ಬೇರೆ ಬೇರೆ ಲೆಕ್ಕ ಇರಲಿ. ಜೂಮನ್ನು ಕತ್ತರಿ ಎಂದು ಎಣಿಸುವ ತಪ್ಪು ಸಾಮಾನ್ಯ.

ಕಥಾವಸ್ತುವನ್ನು ವಾಕ್ಯ ಮಾಡಿ

"ಹೆಣ್ಣು" ಎಂಬುದು ವಿಷಯ, ಅಷ್ಟೇ. ಕ್ರಿಯಾಪದ ಇರುವ ವಾಕ್ಯವಾಗಿಸಿದರೆ ಮಾತ್ರ ಅದು ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಲು ಸಾಧ್ಯ. ಉದಾಹರಣೆಗೆ: "ಕಟ್ಟುಪಾಡು ಮೀರಲು ಹೊರಟ ಹೆಣ್ಣು ಇಲ್ಲಿ ಸಾವಿಗೋ ಹುಚ್ಚಿಗೋ ಹೋಗುತ್ತಾಳೆ." ಈಗ ಎಂಟಕ್ಕೂ ಹಚ್ಚಿ ನೋಡಿ. ಗೆಜ್ಜೆಪೂಜೆಯ ಚಂದ್ರಾಳಿಗೆ ಒಪ್ಪುತ್ತದೆ. ಶರಪಂಜರಕ್ಕೆ ಅರ್ಧ ಮಾತ್ರ, ಕಾವೇರಿ ಏನನ್ನೂ ಮೀರಲು ಹೊರಟವಳಲ್ಲ. ಬೆಳ್ಳಿಮೋಡದಲ್ಲಿ ಮುರಿಯುತ್ತದೆ: ಆಸ್ತಿ ಕೈತಪ್ಪಿತೆಂದು ಬಿಟ್ಟುಹೋದ ಮೋಹನ ಆಮೇಲೆ ಮದುವೆಗೆ ಬಂದಾಗ ಇಂದಿರಾ ಬೇಡ ಅನ್ನುತ್ತಾಳೆ, ಸಾಯುವುದಿಲ್ಲ, ಹುಚ್ಚಿಯಾಗುವುದಿಲ್ಲ. ಮಾನಸ ಸರೋವರದಲ್ಲಂತೂ ತಲೆಕೆಳಗು: ವಾಸಿಯಾಗುವವಳು ರೋಗಿ, ಮನಸ್ಸು ಕಳೆದುಕೊಳ್ಳುವವನು ವೈದ್ಯ. ಶರಪಂಜರ ಬಂದು ಹನ್ನೊಂದು ವರ್ಷದ ಮೇಲೆ ನಿರ್ದೇಶಕರು ತಮ್ಮದೇ ಹಳೆಯ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಹಿಡಿದಿದ್ದಾರೆ. ಆ ವಾರ ಶರಪಂಜರದ ಕೊನೆಯ ಹದಿನೈದು ನಿಮಿಷವನ್ನು ಮತ್ತೊಮ್ಮೆ ಹಾಕಿಕೊಳ್ಳಿ.

ವಾಕ್ಯ ಮುರಿದರೆ ಹೊಸದು ಬರೆಯಿರಿ. ನಮ್ಮ ಮಟ್ಟಿಗೆ ಹೆಚ್ಚು ಕಾಲ ನಿಲ್ಲುವ ವಾಕ್ಯ ಇದು: "ಕೆಡುಕು ಬರುವುದು ಖಳನಿಂದಲ್ಲ, ಪ್ರೀತಿಸುವವರ ಒಳ್ಳೆಯ ಮಾತಿನಿಂದ." ನಾಗರಹಾವಿನ ಚಾಮಯ್ಯ ಮೇಷ್ಟ್ರು ಅಕ್ಕರೆಯಿಂದಲೇ ರಾಮಾಚಾರಿಗೆ ಅಲಮೇಲುವನ್ನು ಬಿಡು ಎಂದರು, ಅವಳ ಬದುಕು ಎಲ್ಲಿಗೆ ಹೋಗಿ ನಿಂತಿತು ನೋಡಿ. ರಂಗನಾಯಕಿಗೆ ರಂಗಭೂಮಿ ಬಿಡು ಎನ್ನುವುದೂ ಸಂಸಾರವೇ. ಆ ಚಿತ್ರಕ್ಕೆ ಗುಬ್ಬಿ ಕಡೆಯ ಹಿರಿಯರನ್ನು ಕರೆದುಕೊಂಡು ಬನ್ನಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನೆನಪು ಇನ್ನೂ ಮಾತಿನಲ್ಲಿ ಉಳಿದಿರುವ ಸೀಮೆ ಇದು. ಬಣ್ಣದ ಕೋಣೆ, ಪರದೆ, ಬಿಡಾರದ ವಿವರ ನಿಜಕ್ಕೆ ಎಷ್ಟು ಹತ್ತಿರ ಎಂದು ಅವರು ಹೇಳಬಲ್ಲರು. ಇನ್ನು ಕಥಾಸಂಗಮದ 'ಮುನಿತಾಯಿ'ಯಲ್ಲಿ ರಜನಿಕಾಂತ್ ಅವರದ್ದು ನೇರಾನೇರ ಖಳನ ಪಾತ್ರ. ಅಲ್ಲಿ ನಮ್ಮ ವಾಕ್ಯವೂ ಮುರಿಯುತ್ತದೆ. ಮುರಿಯಲಿ, ಬರೆದಿಡಿ.

ಅದೇ ವರ್ಷದ ಇನ್ನೊಬ್ಬರ ಚಿತ್ರ

ನಿಮ್ಮ ಪಟ್ಟಿಯಲ್ಲಿರುವುದು ಪುಟ್ಟಣ್ಣನವರದ್ದೋ ಎಪ್ಪತ್ತರ ದಶಕದ್ದೋ? ಜೂಮ್ ಲೆನ್ಸು ಆಗ ಎಲ್ಲರ ಕೈಲೂ ಇತ್ತು. ಅದಕ್ಕೇ ನಡುವೆ ಒಂದು ವಾರ ಬಂಗಾರದ ಮನುಷ್ಯ ಹಾಕಿ. ನಿರ್ದೇಶಕರು ನಮ್ಮ ಶಿರಾ ತಾಲ್ಲೂಕಿನ ತರೂರಿನ ಸಿದ್ದಲಿಂಗಯ್ಯ. ಅದೂ 1972ರದ್ದೇ, ಅದೂ ಕಾದಂಬರಿಯೇ (ಟಿ.ಕೆ. ರಾಮರಾಯರದ್ದು), ಅಲ್ಲೂ ತನ್ನವರೇ ನೋಯಿಸುತ್ತಾರೆ. ಆದರೆ ಅಲ್ಲಿ ರಾಜೀವ ಮಾತಾಡದೆ ಊರು ಬಿಟ್ಟು ನಡೆಯುತ್ತಾನೆ. ರಾಮಾಚಾರಿಗೆ ನಡೆದು ಹೋಗುವುದೇ ಗೊತ್ತಿಲ್ಲ. ಎರಡೂ ಚಿತ್ರಗಳ ಕೊನೆಯ ಐದು ನಿಮಿಷಕ್ಕೆ ಶಾಟು ಎಣಿಸಿ, ಜೂಮ್ ಎಣಿಸಿ, ಹಿನ್ನೆಲೆ ಸಂಗೀತ ಎಷ್ಟು ಸೆಕೆಂಡು ಸುಮ್ಮನಿದೆ ನೋಡಿ. ಎರಡರಲ್ಲೂ ಇರುವುದನ್ನು ಪುಟ್ಟಣ್ಣನವರ ಪಟ್ಟಿಯಿಂದ ಹೊಡೆದುಹಾಕಿ. ಅರ್ಧ ಪಟ್ಟಿ ಹೋಗುತ್ತದೆ, ಹೋಗಬೇಕಾದ್ದೇ.

ಕೊನೆಯ ಪರೀಕ್ಷೆ

ಉಳಿದ ಪಟ್ಟಿ ಹಿಡಿದು ಮಸಣದ ಹೂವು ನೋಡಿ. ಪುಟ್ಟಣ್ಣ 1985ರ ಜೂನ್ 5ರಂದು ತೀರಿಕೊಂಡಾಗ ಈ ಚಿತ್ರ ಮುಗಿದಿರಲಿಲ್ಲ. ಪೂರ್ತಿ ಮಾಡಿದವರು ಕೆ.ಎಸ್.ಎಲ್. ಸ್ವಾಮಿ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ತೋರಿಸದೆ ದೃಶ್ಯದ ಸಮಯದ ಎದುರು 'ಪು' ಅಥವಾ 'ಸ್ವಾ' ಎಂದು ಬರೆಯಿರಿ, ಪಕ್ಕದಲ್ಲಿ ಒಂದೇ ಸಾಲಿನ ಕಾರಣ. ನಟನೆ ಚೆನ್ನಾಗಿದೆ ಎಂಬುದು ಕಾರಣವಲ್ಲ. ಕ್ಯಾಮೆರಾ, ಹಾಡು, ಜಾಗ ಇವುಗಳಿಂದಲೇ ಕಾರಣ ಬರಬೇಕು. ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಐವರಲ್ಲಿ ನಾಲ್ವರು ಒಂದೇ ದೃಶ್ಯಕ್ಕೆ ಒಂದೇ ಕಾರಣ ಕೊಟ್ಟಿದ್ದರೆ ಆ ಕಾರಣವನ್ನು ಕೈಗುರುತು ಎಂದು ಕರೆಯಬಹುದು. ಒಬ್ಬೊಬ್ಬರದು ಒಂದೊಂದಾದರೆ ಶರಪಂಜರದ ಹಾಡುಗಳಿಗೆ ವಾಪಸು ಹೋಗಿ, ನಾಲ್ಕು ಕಲಮಿನ ಪುಟಗಳನ್ನು ಮತ್ತೆ ತೆಗೆಯಿರಿ.